ಒಪ್ಪಂದದ ಮೊದಲ ಪುಟ ಮಗುವಿಗಿರಲಿ

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಹಳ್ಳಿಗಳಲ್ಲಿ ಗಂಡ ಹೆಂಡತಿ ಬೇರೆಯಾಗುವ ಮಾತು ಮೊದಲು ಹೋಗುವುದು ಕೋರ್ಟಿಗಲ್ಲ, ಹಿರಿಯರ ಮುಂದೆ. ಎರಡೂ ಕಡೆಯ ನಾಲ್ಕು ಮಂದಿ ಗುಡಿಯ ಕಟ್ಟೆಯ ಮೇಲೋ ಯಾರದೋ ಪಡಸಾಲೆಯಲ್ಲೋ ಕೂಡುತ್ತಾರೆ. ಮದುವೆಯಲ್ಲಿ ಕೊಟ್ಟ ಬಂಗಾರ ಎಷ್ಟು ತೊಲೆ, ಭಾಂಡೆ ಸಾಮಾನು ಯಾವುವು, ಆಯೇರಿಯಲ್ಲಿ, ಅಂದರೆ ಮದುವೆಯ ಉಡುಗೊರೆಯಾಗಿ, ಬಂದದ್ದು ಯಾರಿಗೆ ಸೇರಬೇಕು ಎಂಬುದನ್ನು ಒಂದು ತಂಬಿಗೆಯೂ ತಪ್ಪದಂತೆ ಲೆಕ್ಕ ಹಾಕುತ್ತಾರೆ. ಕೊನೆಗೆ ಛಾಪಾ ಕಾಗದದ ಮೇಲೆ ಸೋಡಚೀಟಿ, ಅಂದರೆ ಬೇರೆಯಾದೆವೆಂಬ ಒಪ್ಪಂದ, ಬರೆಸಿ, ಇಬ್ಬರ ಸಹಿ ಹಾಕಿಸಿ, ಸಾಕ್ಷಿಗಳ ಹೆಬ್ಬೆಟ್ಟು ಒತ್ತಿಸಿ ಎದ್ದುಹೋಗುತ್ತಾರೆ. ಆ ಕಾಗದದಲ್ಲಿ ಮಗುವಿನ ಬಗ್ಗೆ ಇರುವುದು ಹೆಚ್ಚೆಂದರೆ ಒಂದು ಸಾಲು: ಮಗು ತಾಯಿಯ ಹತ್ತಿರ ಇರತಕ್ಕದ್ದು. ಕೆಲವು ಕಾಗದಗಳಲ್ಲಿ ಅಷ್ಟೂ ಇರುವುದಿಲ್ಲ.

ಮುಂದಿನ ಹತ್ತು ವರ್ಷ ಎರಡು ಮನೆಗಳ ನಡುವೆ ನಡೆಯುವ ಜಗಳಗಳಲ್ಲಿ ಹೆಚ್ಚಿನವು ಹುಟ್ಟುವುದು ಆ ಸಾಲಿನಲ್ಲಿ ಬರೆಯದೆ ಬಿಟ್ಟ ಸಂಗತಿಗಳಿಂದ. ಅಪ್ಪ ಮಗುವನ್ನು ಯಾವಾಗ ನೋಡಬೇಕು? ಶಾಲೆಯ ಶುಲ್ಕ ಯಾರು ತುಂಬಬೇಕು? ಪಂಚಮಿಗೆ ಮಗು ಯಾವ ಮನೆಯಲ್ಲಿ ಜೋಕಾಲಿ ಆಡಬೇಕು? ಶಾಂತವಾಗಿ ಬೇರೆಯಾಗುವುದೆಂದರೆ ಮನಸ್ಸಿನಲ್ಲಿ ಸಿಟ್ಟೇ ಇಲ್ಲದೆ ಬೇರೆಯಾಗುವುದಲ್ಲ. ಮುರಿದ ಮದುವೆಯಲ್ಲಿ ಸಿಟ್ಟು, ಅವಮಾನ, ದುಃಖ ಇದ್ದೇ ಇರುತ್ತವೆ. ಆ ಸಿಟ್ಟು ಮಗುವಿನ ದಿನಚರಿಯೊಳಗೆ ನುಗ್ಗದಂತೆ ಸಣ್ಣ ಸಣ್ಣ ಸಂಗತಿಗಳನ್ನೂ ಮೊದಲೇ ಮಾತಾಡಿ, ಬರೆದು, ನ್ಯಾಯಾಲಯದ ಮುದ್ರೆ ಹಾಕಿಸಿಕೊಳ್ಳುವುದೇ ಶಾಂತಿಯ ದಾರಿ. ನಮ್ಮ ಹಿರಿಯರಿಗೆ ಲೆಕ್ಕ ಹಾಕುವ ತಾಳ್ಮೆ ಇದೆ. ಆ ತಾಳ್ಮೆಯನ್ನು ಭಾಂಡೆಗಿಂತ ಮೊದಲು ಮಗುವಿನ ಮೇಲೆ ಖರ್ಚು ಮಾಡಬೇಕೆಂಬುದಷ್ಟೇ ನನ್ನ ಒತ್ತಾಯ.

ಸೋಡಚೀಟಿಯಿಂದ ಮದುವೆ ಮುರಿಯುತ್ತದೆಯೇ

ಬಹುತೇಕ ಸಂದರ್ಭಗಳಲ್ಲಿ ಇಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 29ನೇ ಕಲಂ ರೂಢಿಯಿಂದ ಬಂದ ವಿಚ್ಛೇದನವನ್ನು ಉಳಿಸಿಕೊಂಡಿದೆ ನಿಜ. ಆದರೆ ಅಂಥ ರೂಢಿ ತನ್ನ ಸಮುದಾಯದಲ್ಲಿ ಹಿಂದಿನಿಂದಲೂ ತಪ್ಪದೆ ನಡೆದುಬಂದಿದೆ ಎಂದು ಸಾಬೀತು ಮಾಡುವ ಹೊಣೆ ಅದನ್ನು ಹೇಳಿಕೊಳ್ಳುವವರ ಮೇಲಿರುತ್ತದೆ. ನ್ಯಾಯಾಲಯಗಳು ಆ ಸಾಕ್ಷ್ಯವನ್ನು ಬಿಗಿಯಾಗಿ ಪರೀಕ್ಷಿಸುತ್ತವೆ. ನೂರು ರೂಪಾಯಿಯ ಛಾಪಾ ಕಾಗದ, ನೋಟರಿಯ ಮುದ್ರೆ, ಊರ ಹಿರಿಯರ ಸಹಿ ಇವು ಯಾವುವೂ ತಾವಾಗಿಯೇ ಮದುವೆಯನ್ನು ಕೊನೆಗೊಳಿಸುವುದಿಲ್ಲ. ಅದನ್ನೇ ನಂಬಿ ಇಬ್ಬರಲ್ಲಿ ಒಬ್ಬರು ಮತ್ತೆ ಮದುವೆಯಾದರೆ ಆ ಎರಡನೆಯ ಮದುವೆ ಕಾನೂನಿನ ಕಣ್ಣಿಗೆ ಶೂನ್ಯ, ಅಪರಾಧವೂ ಹೌದು. ಮುಂದೆ ಹೊಲದ ಪಾಲು, ಪಿಂಚಣಿ, ವಿಮೆಯ ಹಣದ ಪ್ರಶ್ನೆ ಎದ್ದಾಗ ಅದರ ಪೆಟ್ಟು ಹೆಚ್ಚಾಗಿ ಬೀಳುವುದು ಹೆಣ್ಣುಮಕ್ಕಳಿಗೆ.

ಹಾಗೆಂದು ಹಿರಿಯರು ಕೂಡುವುದೇ ತಪ್ಪು ಎನ್ನುವವನು ನಾನಲ್ಲ. ಎರಡು ಮನೆಗಳು ಎದುರುಬದುರು ಕುಳಿತು ಮಾತಾಡುವುದು ಒಳ್ಳೆಯದೇ. ಅಲ್ಲಿ ಆದ ಮಾತನ್ನು ಅಲ್ಲಿಗೇ ಬಿಡದೆ ನ್ಯಾಯಾಲಯಕ್ಕೆ ಒಯ್ದು ಪರಸ್ಪರ ಒಪ್ಪಿಗೆಯ ಅರ್ಜಿಯಾಗಿ ಬದಲಿಸಿಕೊಳ್ಳಬೇಕು.

ಒಪ್ಪಿಗೆಯ ವಿಚ್ಛೇದನ ನಡೆಯುವ ಬಗೆ

ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ 13ಬಿ ಕಲಂ ಸೇರಿತು. ಅಲ್ಲಿಯವರೆಗೆ ವಿಚ್ಛೇದನ ಬೇಕೆಂದರೆ ಒಬ್ಬರು ಇನ್ನೊಬ್ಬರ ತಪ್ಪನ್ನು ಸಾಬೀತು ಮಾಡಬೇಕಿತ್ತು. 13ಬಿ ಬಂದ ಮೇಲೆ ಇಬ್ಬರೂ ಸೇರಿ, "ನಾವು ಒಟ್ಟಿಗೆ ಬಾಳಲಾರೆವು, ಬೇರೆಯಾಗಲು ಒಪ್ಪಿದ್ದೇವೆ" ಎಂದು ಒಂದೇ ಅರ್ಜಿ ಕೊಡಬಹುದು. ಲಿಂಗಾಯತರು, ಜೈನರು, ಬೌದ್ಧರು, ಸಿಖ್ಖರು ಎಲ್ಲರೂ ಈ ಕಾಯ್ದೆಯ ವ್ಯಾಪ್ತಿಗೇ ಬರುತ್ತಾರೆ.

ಅರ್ಜಿ ಕೊಡುವ ಹೊತ್ತಿಗೆ ಇಬ್ಬರೂ ಒಂದು ವರ್ಷದಿಂದ ಬೇರೆ ಬದುಕುತ್ತಿರಬೇಕು. ಬೇರೆ ಬದುಕುವುದೆಂದರೆ ಬೇರೆ ಮನೆಯಲ್ಲೇ ಇರಬೇಕೆಂದಿಲ್ಲ. ಒಂದೇ ಸೂರಿನ ಕೆಳಗಿದ್ದರೂ ಗಂಡ ಹೆಂಡತಿಯಾಗಿ ಬಾಳುತ್ತಿಲ್ಲವೆಂದರೆ ಸಾಕು ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಅರ್ಜಿ ಕೊಟ್ಟ ಮೇಲೆ ಆರು ತಿಂಗಳು ಕಾಯಬೇಕು. ಹದಿನೆಂಟು ತಿಂಗಳ ಒಳಗೆ ಇಬ್ಬರೂ ಮತ್ತೆ ಹಾಜರಾಗಿ ನಮ್ಮ ಮನಸ್ಸು ಬದಲಾಗಿಲ್ಲ ಎಂದು ಹೇಳಬೇಕು. ಆ ಎರಡನೆಯ ಸಲದ ಮಾತಿನ ಮೇಲೆ ನ್ಯಾಯಾಧೀಶರು ಡಿಕ್ರಿ, ಅಂದರೆ ವಿಚ್ಛೇದನದ ಆದೇಶ, ಕೊಡುತ್ತಾರೆ.

ಆರು ತಿಂಗಳ ಕಾಯುವಿಕೆಯನ್ನು ಕೈಬಿಡಲು ಸಾಧ್ಯವೇ ಎಂದು ಎಲ್ಲರೂ ಕೇಳುತ್ತಾರೆ. ಸಾಧ್ಯ ಎಂದು 2017ರಲ್ಲಿ ಅಮರದೀಪ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಬೇರೆಯಾಗಿ ಒಂದೂವರೆ ವರ್ಷ ಕಳೆದಿರಬೇಕು, ರಾಜಿಯ ಯತ್ನಗಳು ವಿಫಲವಾಗಿರಬೇಕು, ಜೀವನಾಂಶ ಮತ್ತು ಮಗುವಿನ ಪಾಲನೆಯ ವಿಷಯ ನಿಜವಾಗಿ ಇತ್ಯರ್ಥವಾಗಿರಬೇಕು, ಕಾಯುವುದರಿಂದ ಸಂಕಟ ಬೆಳೆಯುವುದೊಂದೇ ಆಗುತ್ತದೆ ಎಂದು ನ್ಯಾಯಾಲಯಕ್ಕೆ ಮನವರಿಕೆಯಾಗಬೇಕು. ಮಗುವಿನ ವಿಷಯ ಇತ್ಯರ್ಥವಾಗಿರಬೇಕೆಂಬ ಷರತ್ತು ಅಲ್ಲಿರುವುದು ಸುಮ್ಮನೆ ಅಲ್ಲ. ಬೇಗ ಮುಗಿಯಲಿ ಎನ್ನುವವರು ಮೊದಲು ಮಾಡಬೇಕಾದ ಕೆಲಸವೂ ಅದೇ.

ಇನ್ನೊಂದು ಸಂಗತಿ ಗೊತ್ತಿರಲಿ. ಎರಡನೆಯ ಹಾಜರಿಗೆ ಮೊದಲು ಯಾರೊಬ್ಬರಾದರೂ ಒಪ್ಪಿಗೆಯನ್ನು ಹಿಂಪಡೆಯಬಹುದು. ಆದ್ದರಿಂದ ಇರುವ ಹಣವನ್ನೆಲ್ಲ ಮೊದಲ ದಿನವೇ ಕೊಟ್ಟುಬಿಡುವುದೂ ಸರಿಯಲ್ಲ, ಎಲ್ಲವನ್ನೂ ಕೊನೆಯ ದಿನಕ್ಕೆ ಹಿಡಿದಿಡುವುದೂ ಸರಿಯಲ್ಲ. ಅರ್ಧ ಮೊದಲ ಹಾಜರಿಯ ದಿನ, ಉಳಿದರ್ಧ ಎರಡನೆಯ ಹಾಜರಿಯ ದಿನ ನ್ಯಾಯಾಲಯದಲ್ಲೇ ಡಿಮ್ಯಾಂಡ್ ಡ್ರಾಫ್ಟ್ ಮೂಲಕ ಕೊಡುವಂತೆ ಬರೆದುಕೊಂಡರೆ ಇಬ್ಬರಿಗೂ ನೆಮ್ಮದಿ.

ಬೇರೆ ಧರ್ಮದವರಿಗೆ ದಾರಿಗಳು ಬೇರೆ. ಮುಸ್ಲಿಂ ದಂಪತಿಗೆ ಪರಸ್ಪರ ಒಪ್ಪಿಗೆಯ ಮುಬಾರತ್ ಇದೆ, ಹೆಂಡತಿ ಕೇಳುವ ಖುಲಾ ಇದೆ, 1939ರ ಕಾಯ್ದೆಯಂತೆ ನ್ಯಾಯಾಲಯದಿಂದ ವಿಚ್ಛೇದನ ಪಡೆಯುವ ಹಕ್ಕು ಹೆಂಡತಿಗಿದೆ. ಒಂದೇ ಉಸಿರಿನಲ್ಲಿ ಹೇಳುವ ಮೂರು ತಲಾಖ್ 2019ರಿಂದ ಅಪರಾಧ. ವಿಚ್ಛೇದಿತ ಮುಸ್ಲಿಂ ಮಹಿಳೆಯೂ ಎಲ್ಲರಂತೆ ಜೀವನಾಂಶ ಕೇಳಬಹುದೆಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಮತ್ತೊಮ್ಮೆ ಖಚಿತಪಡಿಸಿದೆ. ವಿಶೇಷ ವಿವಾಹ ಕಾಯ್ದೆಯಡಿ ನೋಂದಣಿಯಾಗಿ ಮದುವೆಯಾದವರಿಗೆ ಅದೇ ಕಾಯ್ದೆಯ 28ನೇ ಕಲಂ ಅನ್ವಯಿಸುತ್ತದೆ. ಮಗುವಿನ ವಿಷಯಕ್ಕೆ ಬಂದರೆ ಧರ್ಮ ಯಾವುದಾದರೂ ನ್ಯಾಯಾಲಯ ನೋಡುವುದು ಮಗುವಿನ ಹಿತವನ್ನು.

ಯಾವ ಕೋರ್ಟು, ಯಾರ ನೆರವು

ಕುಟುಂಬ ನ್ಯಾಯಾಲಯಗಳು 1984ರ ಕಾಯ್ದೆಯಿಂದ ಬಂದವು. ಆ ಕಾಯ್ದೆಯ ಪ್ರಕಾರ ನ್ಯಾಯಾಧೀಶರು ಮೊದಲು ರಾಜಿಗೆ ಯತ್ನಿಸಲೇಬೇಕು. ಇಬ್ಬರಲ್ಲಿ ಒಬ್ಬರು ಕೇಳಿಕೊಂಡರೂ ವಿಚಾರಣೆಯನ್ನು ಮುಚ್ಚಿದ ಬಾಗಿಲ ಹಿಂದೆ ನಡೆಸಬೇಕು. ಮನೆಯ ಮಾತು ಊರಿನ ಕಿವಿಗೆ ಬೀಳುತ್ತದೆಂದು ಹೆದರುವವರಿಗೆ ಇದು ತಿಳಿದಿರಬೇಕು.

ನಮ್ಮದು ಗಡಿ ಸೀಮೆ. ಚಿಕ್ಕೋಡಿ, ಅಥಣಿ, ಇಂಡಿ ಕಡೆಯ ಹೆಣ್ಣುಮಕ್ಕಳನ್ನು ಕೊಲ್ಹಾಪುರ, ಸಾಂಗ್ಲಿ, ಸೊಲ್ಲಾಪುರಕ್ಕೆ ಕೊಟ್ಟಿರುತ್ತಾರೆ, ಅಲ್ಲಿಂದ ತಂದೂ ಇರುತ್ತಾರೆ. ಮದುವೆ ಎಲ್ಲಿ ನಡೆಯಿತೋ ಅಲ್ಲಿ, ಇಬ್ಬರೂ ಕೊನೆಗೆ ಎಲ್ಲಿ ಒಟ್ಟಿಗಿದ್ದರೋ ಅಲ್ಲಿ, ಎದುರು ಪಕ್ಷದವರು ಎಲ್ಲಿದ್ದಾರೋ ಅಲ್ಲಿ ಅರ್ಜಿ ಹಾಕಬಹುದು. 2003ರ ತಿದ್ದುಪಡಿಯ ನಂತರ ಹೆಂಡತಿ ತಾನೀಗ ಇರುವ ಊರಿನ ನ್ಯಾಯಾಲಯದಲ್ಲೂ ಹಾಕಬಹುದು. ಸಿಟ್ಟಿನಲ್ಲಿ ಗಂಡ ಒಂದು ರಾಜ್ಯದಲ್ಲಿ, ಹೆಂಡತಿ ಇನ್ನೊಂದು ರಾಜ್ಯದಲ್ಲಿ ಪ್ರಕರಣ ಹಾಕಿದರೆ ಅದನ್ನು ಒಂದೆಡೆ ತರಲು ಸುಪ್ರೀಂ ಕೋರ್ಟಿಗೇ ಹೋಗಬೇಕು. ವರ್ಷಗಳು ಹೋಗುತ್ತವೆ, ಹಣವೂ ಹೋಗುತ್ತದೆ. ಅರ್ಜಿ ಎಲ್ಲಿ ಹಾಕೋಣ ಎಂಬುದನ್ನು ಮೊದಲೇ ಮಾತಾಡಿಕೊಂಡರೆ ಅರ್ಧ ಹೋರಾಟ ತಪ್ಪುತ್ತದೆ.

ವಕೀಲರ ಶುಲ್ಕಕ್ಕೆ ಹೆದರಿ ಸೋಡಚೀಟಿಗೆ ಒಪ್ಪಿಕೊಳ್ಳುವವರು ಬಹಳ. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇರುತ್ತದೆ, ತಾಲ್ಲೂಕುಗಳಲ್ಲಿ ಅದರ ಸಮಿತಿಗಳಿವೆ. 1987ರ ಕಾಯ್ದೆಯಂತೆ ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತವಾಗಿ ವಕೀಲರನ್ನು ನೇಮಿಸಿಕೊಡುತ್ತಾರೆ. ಸಹಾಯವಾಣಿ 15100. ಪ್ರಕರಣ ಹಾಕುವ ಮುನ್ನವೇ ಮಧ್ಯಸ್ಥಿಕೆ ಬೇಕೆಂದು ಅಲ್ಲಿ ಅರ್ಜಿ ಕೊಡಬಹುದು. ಮಧ್ಯಸ್ಥಿಕೆಯಲ್ಲಿ ಆಡಿದ ಮಾತು ಗೋಪ್ಯ. ಅಲ್ಲಿ ಒಪ್ಪಿದ್ದನ್ನೋ ಅತ್ತದ್ದನ್ನೋ ಮುಂದೆ ಕೋರ್ಟಿನಲ್ಲಿ ಸಾಕ್ಷ್ಯವಾಗಿ ಎತ್ತುವಂತಿಲ್ಲ. ಹಿರಿಯರ ಕಟ್ಟೆಯಲ್ಲಿ ಸಿಗದ ರಕ್ಷಣೆ ಇದು. ಕಟ್ಟೆಯಲ್ಲಿ ಬಾಯಿ ತೆರೆಯದ ಹೆಣ್ಣುಮಗಳು ಮಧ್ಯಸ್ಥರ ಕೋಣೆಯಲ್ಲಿ ತನ್ನ ಮಾತು ಹೇಳಿಕೊಳ್ಳುವುದೂ ಇದರಿಂದಲೇ.

ಇಲ್ಲಿ ಒಂದು ಎಚ್ಚರಿಕೆಯನ್ನು ಜೋರಾಗಿಯೇ ಹೇಳಬೇಕು. ಹೊಡೆತ, ಬೆದರಿಕೆ, ವರದಕ್ಷಿಣೆಯ ಪೀಡನೆ ಇರುವ ಮನೆಯಲ್ಲಿ ಶಾಂತಿಯ ಹೆಸರಿನಲ್ಲಿ ಸುಮ್ಮನಿರುವಂತೆ ಯಾರೂ ಯಾರಿಗೂ ಹೇಳಬಾರದು. ಅಲ್ಲಿ ಮೊದಲು ಬೇಕಾದದ್ದು ಸುರಕ್ಷತೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ರಕ್ಷಣಾ ಆದೇಶ, ಮನೆಯಲ್ಲಿ ವಾಸಿಸುವ ಹಕ್ಕು, ಮಗುವಿನ ತಾತ್ಕಾಲಿಕ ಪಾಲನೆ ಎಲ್ಲವನ್ನೂ ಕೇಳಬಹುದು. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ರಕ್ಷಣಾಧಿಕಾರಿಗಳು. ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098. ಒಬ್ಬರು ಇನ್ನೊಬ್ಬರಿಗೆ ಹೆದರುವ ಸ್ಥಿತಿಯಲ್ಲಿ ಎದುರುಬದುರು ಕೂರಿಸಿ ಮಾಡಿಸಿದ ರಾಜಿಯನ್ನು ರಾಜಿ ಎನ್ನಲಾಗದು.

ಮಗುವಿಗೆ ಹೇಳುವುದು ಹೇಗೆ

ಮಕ್ಕಳಿಗೆ ಹೆಚ್ಚು ಪೆಟ್ಟು ಕೊಡುವುದು ತಂದೆತಾಯಿ ಬೇರೆಯಾಗುವುದಕ್ಕಿಂತ ಅವರ ನಡುವೆ ನಿಲ್ಲದೆ ನಡೆಯುವ ಜಗಳ. ಮಕ್ಕಳ ಮನಸ್ಸನ್ನು ಅಧ್ಯಯನ ಮಾಡಿದವರು ದಶಕಗಳಿಂದ ಇದನ್ನೇ ಹೇಳುತ್ತಿದ್ದಾರೆ. ಜಗಳ ನಿಂತು, ಇಬ್ಬರೊಡನೆಯೂ ನಂಟು ಉಳಿದು, ದಿನಚರಿ ಹಳಿಗೆ ಬಂದರೆ ಹೆಚ್ಚಿನ ಮಕ್ಕಳು ಕಾಲಕ್ರಮದಲ್ಲಿ ಚೇತರಿಸಿಕೊಳ್ಳುತ್ತಾರೆ. "ಮಕ್ಕಳಿಗಾಗಿ ಸಹಿಸಿಕೊಂಡಿದ್ದೇವೆ" ಎಂದು ದಿನವೂ ಮಕ್ಕಳ ಎದುರೇ ಬಡಿದಾಡುವ ಮನೆಗಳು ಈ ಮಾತನ್ನು ಗಮನಿಸಬೇಕು.

ಅಪ್ಪ ಎಲ್ಲಿ ಎಂದು ಮಗು ಕೇಳಿದರೆ ನಮ್ಮಲ್ಲಿ ಸಾಮಾನ್ಯವಾಗಿ ಕೊಡುವ ಉತ್ತರ, "ಪುಣೆಗೆ ದುಡಿಯಲು ಹೋಗಿದ್ದಾನೆ". ಅಮ್ಮ ಎಲ್ಲಿ ಎಂದರೆ, "ತವರಿಗೆ ಹೋಗಿದ್ದಾಳೆ, ಬರುತ್ತಾಳೆ". ಮಗು ದಿನವೂ ಬಾಗಿಲು ನೋಡುತ್ತದೆ. ಕೊನೆಗೆ ನಿಜ ಹೇಳುವುದು ಶಾಲೆಯಲ್ಲಿ ಪಕ್ಕದ ಮನೆಯ ಹುಡುಗ, ಅದೂ ಹಂಗಿಸುವ ದನಿಯಲ್ಲಿ. ಆ ಪೆಟ್ಟಿಗೆ ಮನೆಯವರೇ ಹೊಣೆ. ಸಾಧ್ಯವಾದರೆ ತಂದೆತಾಯಿ ಇಬ್ಬರೂ ಒಟ್ಟಿಗೆ ಕುಳಿತು, ಬೇರೆ ಯಾರೂ ಇಲ್ಲದ ಹೊತ್ತಿನಲ್ಲಿ ಹೇಳಬೇಕು. ಉದ್ದದ ಮಾತು ಬೇಡ. "ನಾನು ಮತ್ತು ಅಪ್ಪ ಇನ್ನು ಮುಂದೆ ಬೇರೆ ಬೇರೆ ಮನೆಯಲ್ಲಿ ಇರುತ್ತೇವೆ. ಇದು ನಿನ್ನಿಂದ ಆದದ್ದಲ್ಲ. ನಾನು ಯಾವಾಗಲೂ ನಿನ್ನ ಅಮ್ಮ, ಅವರು ಯಾವಾಗಲೂ ನಿನ್ನ ಅಪ್ಪ. ನೀನು ಇದೇ ಶಾಲೆಗೆ ಹೋಗುತ್ತೀ, ಶನಿವಾರ ಅಪ್ಪನ ಹತ್ತಿರ ಹೋಗುತ್ತೀ." ಇಷ್ಟು ಸಾಕು. ಯಾರ ತಪ್ಪು, ಯಾರ ಹತ್ತಿರ ಯಾರಿದ್ದಾರೆ, ಯಾರು ಎಷ್ಟು ಹಣ ಕೇಳಿದರು ಎಂಬುದು ಮಗುವಿಗೆ ಬೇಡದ ಭಾರ.

ಐದಾರು ವರ್ಷದ ಒಳಗಿನ ಮಗು ತನ್ನ ಹಟದಿಂದಲೇ, ತಾನು ಹಾಲು ಚೆಲ್ಲಿದ್ದರಿಂದಲೇ ಅಪ್ಪ ಹೋದನೆಂದು ನಂಬಬಲ್ಲದು. ನಿಂತಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗಬಹುದು, ರಾತ್ರಿ ಬೆಚ್ಚಿ ಏಳಬಹುದು, ಅಮ್ಮ ಬಚ್ಚಲಿಗೆ ಹೋದರೂ ಬಾಗಿಲ ಹೊರಗೆ ಅಳುತ್ತಾ ನಿಲ್ಲಬಹುದು. ಬೈದರೆ ಇವೆಲ್ಲ ಹೆಚ್ಚುತ್ತವೆ. "ನಿನ್ನಿಂದ ಆದದ್ದಲ್ಲ" ಎಂಬುದನ್ನು ಒಮ್ಮೆ ಹೇಳಿದರೆ ಈ ವಯಸ್ಸಿಗೆ ಸಾಲದು, ತಿಂಗಳುಗಟ್ಟಲೆ ಹೇಳಬೇಕಾಗುತ್ತದೆ. ಎಂಟು ಹತ್ತು ವರ್ಷದ ಮಗು ಇಬ್ಬರನ್ನೂ ಒಂದುಗೂಡಿಸಲು ತಾನೇ ಹೊಂಚು ಹಾಕುತ್ತದೆ. ಜ್ವರ ಬಂದರೆ ಇಬ್ಬರೂ ಬರುತ್ತಾರೆಂದು ತಿಳಿದು ಹೊಟ್ಟೆನೋವು ಎನ್ನುತ್ತದೆ. ಆ ನೋವು ನಾಟಕವಲ್ಲ, ಮನಸ್ಸಿನ ಸಂಕಟ ಈ ವಯಸ್ಸಿನಲ್ಲಿ ದೇಹದಲ್ಲೇ ಕಾಣಿಸಿಕೊಳ್ಳುತ್ತದೆ. ಹೈಸ್ಕೂಲಿನ ಮಕ್ಕಳು ಸಿಟ್ಟಾಗುತ್ತಾರೆ, ಮಾತು ಬಿಡುತ್ತಾರೆ, ಇಲ್ಲವೇ ವಯಸ್ಸಿಗೆ ಮೀರಿ ದೊಡ್ಡವರಾಗಿಬಿಡುತ್ತಾರೆ. ಮನೆಗೆಲಸ ಮುಗಿಸಿ, ತಮ್ಮನನ್ನು ಓದಿಸಿ, ಅಮ್ಮನ ಕಣ್ಣೀರು ಒರೆಸುವ ಹದಿನಾಲ್ಕರ ಮಗಳನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಹೆಚ್ಚು ಚಿಂತೆಯಾಗುವುದು ಆ ಹುಡುಗಿಯ ಬಗ್ಗೆಯೇ. ಅವಳಿಗೆ ಅಳಲು ಜಾಗ ಉಳಿದಿಲ್ಲ.

ಶಾಲೆಯ ತರಗತಿ ಶಿಕ್ಷಕರಿಗೆ ವಿಷಯ ತಿಳಿಸಿ. ಮಗು ಮಂಕಾದರೆ, ಅಂಕ ಕುಸಿದರೆ ಮೊದಲು ಗೊತ್ತಾಗುವುದು ಅವರಿಗೆ.

ಎರಡು ಮನೆ, ಒಂದು ದಿನಚರಿ

ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದು 1956ರ ಹಿಂದೂ ಅಪ್ರಾಪ್ತ ವಯಸ್ಕರ ಪಾಲಕತ್ವ ಕಾಯ್ದೆ ಹೇಳುತ್ತದೆ. ಅದೇ ಕಾಯ್ದೆಯ 13ನೇ ಕಲಂ ಎಲ್ಲಕ್ಕಿಂತ ಮಗುವಿನ ಹಿತವೇ ದೊಡ್ಡದು ಎನ್ನುತ್ತದೆ. ತಿಳಿವಳಿಕೆ ಬಂದ ಮಗುವಿನ ಇಷ್ಟವನ್ನೂ ನ್ಯಾಯಾಧೀಶರು ಕೇಳಬಹುದು. ಹಾಗೆಂದು ಮನೆಯಲ್ಲಿ ಯಾರೂ, "ನಿನಗೆ ಅಪ್ಪ ಬೇಕೋ ಅಮ್ಮ ಬೇಕೋ ಹೇಳು" ಎಂದು ಮಗುವನ್ನು ನಿಲ್ಲಿಸಿ ಕೇಳಬಾರದು. ಯಾವ ಉತ್ತರ ಕೊಟ್ಟರೂ ಮಗು ಒಬ್ಬರಿಗೆ ದ್ರೋಹ ಮಾಡಿದೆನೆಂದು ಕೊರಗುತ್ತದೆ. ಮಗು ಯಾರೊಬ್ಬರ ಬಳಿ ಇದ್ದರೂ ಇನ್ನೊಬ್ಬರ ಪ್ರೀತಿ, ಸಹವಾಸ ಅದರ ಹಕ್ಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು. ಭೇಟಿ ಎಂಬುದು ತಂದೆಗೆ ತಾಯಿ ಮಾಡುವ ಉಪಕಾರವಲ್ಲ, ಜೀವನಾಂಶಕ್ಕೆ ಪ್ರತಿಯಾಗಿ ಕೊಡುವ ರಸೀದಿಯೂ ಅಲ್ಲ. ಹಣ ತಡವಾಯಿತೆಂದು ಭೇಟಿ ನಿಲ್ಲಿಸುವುದು, ಭೇಟಿ ತಪ್ಪಿತೆಂದು ಹಣ ನಿಲ್ಲಿಸುವುದು, ಎರಡೂ ತಪ್ಪು.

"ತಿಂಗಳಿಗೆ ಎರಡು ಸಲ ಭೇಟಿ" ಎಂದು ಬರೆದರೆ ಅದು ಏನನ್ನೂ ಬರೆಯದ ಹಾಗೆಯೇ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ತಾಯಿ ಮಗಳು ಜಮಖಂಡಿಯಲ್ಲಿದ್ದಾರೆ, ತಂದೆ ಬೆಳಗಾವಿಯಲ್ಲಿ ಕೆಲಸ ಮಾಡುತ್ತಾನೆ. ಮಗಳು ಎರಡನೆಯ ಮತ್ತು ನಾಲ್ಕನೆಯ ಶನಿವಾರ ಶಾಲೆ ಬಿಟ್ಟ ಮೇಲೆ ತಂದೆಯೊಡನೆ ಹೋಗುತ್ತಾಳೆಯೇ? ಬಂದು ಕರೆದೊಯ್ಯುವುದು ತಂದೆಯೋ, ಅಜ್ಜನೋ? ಭಾನುವಾರ ಎಷ್ಟು ಗಂಟೆಯ ಒಳಗೆ, ಯಾರು ತಂದು ಬಿಡಬೇಕು? ಬಸ್ ತಡವಾದರೆ ಯಾರಿಗೆ ಫೋನ್ ಮಾಡಬೇಕು? ಮಗಳಿಗೆ ಜ್ವರವಿದ್ದರೆ ಆ ವಾರದ ಭೇಟಿ ಮುಂದಿನ ವಾರಕ್ಕೆ ಹೋಗುತ್ತದೆಯೋ, ಬಿಟ್ಟುಹೋಗುತ್ತದೆಯೋ? ಇವನ್ನೆಲ್ಲ ಬರೆಯುವುದು ಅತಿಯೆನಿಸುತ್ತದೆ. ಆದರೆ ಪೊಲೀಸ್ ಠಾಣೆಯ ಮೆಟ್ಟಿಲೇರುವ ಜಗಳಗಳು ಶುರುವಾಗುವುದು ಇಂಥವುಗಳಿಂದಲೇ.

ಕೈಬದಲಾವಣೆಯ ಆ ಐದು ನಿಮಿಷವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಬಸ್ ನಿಲ್ದಾಣದಲ್ಲಿ ತಂದೆ ಮಗಳನ್ನು ಇಳಿಸುತ್ತಾನೆ. ತಾಯಿ ಮುಖ ಆಚೆ ತಿರುಗಿಸಿ ನಿಂತಿದ್ದಾಳೆ. ಮಗಳು ಅಪ್ಪನಿಗೆ ಟಾಟಾ ಹೇಳಬೇಕೋ ಬೇಡವೋ ತಿಳಿಯದೆ ಅಮ್ಮನ ಮುಖ ನೋಡುತ್ತಾಳೆ. ಕೈ ಅರ್ಧ ಎತ್ತಿ ಇಳಿಸುತ್ತಾಳೆ. ಮನೆ ಸೇರುವ ಮೊದಲೇ ವಿಚಾರಣೆ ಶುರು: ಏನು ತಿಂದೆ, ಅಲ್ಲಿ ಯಾರಿದ್ದರು, ನಿಮ್ಮಪ್ಪ ಹೊಸ ಗಾಡಿ ತೆಗೆದುಕೊಂಡನಂತೆ ಹೌದೇ? ಮಗಳು ಕಲಿಯುವ ಪಾಠ ಒಂದೇ, ಈ ಮನೆಯ ಖುಷಿಯನ್ನು ಆ ಮನೆಯಲ್ಲಿ ಬಚ್ಚಿಡಬೇಕು. "ಚೆನ್ನಾಗಿತ್ತೇ?" ಎಂದಷ್ಟೇ ಕೇಳಿ ಸುಮ್ಮನಾದರೆ ಮಗು ಹೇಳಬೇಕೆನಿಸಿದ್ದನ್ನು ತಾನೇ ಹೇಳುತ್ತದೆ. ಎದುರುಬದುರಾದರೆ ಮಾತು ಜಗಳಕ್ಕೆ ತಿರುಗುವಂತಿದ್ದರೆ ಇಬ್ಬರೂ ನಂಬುವ ಮೂರನೆಯವರ ಮನೆಯಲ್ಲಿ ಒಪ್ಪಿಸಿ. ಸಂದೇಶಗಳನ್ನು ಮಗುವಿನ ಕೈಯಲ್ಲಿ ಕಳಿಸಬೇಡಿ. ಶುಲ್ಕ, ಔಷಧ, ಸಮಯ ಇಷ್ಟಕ್ಕೆ ಮಾತ್ರ ಮೊಬೈಲಿನಲ್ಲಿ ಚಿಕ್ಕ ಸಂದೇಶ ಬರೆಯಿರಿ, ಹಳೆಯ ಕತೆ ಬೇಡ.

ಹಬ್ಬಗಳನ್ನು ಪ್ರತ್ಯೇಕವಾಗಿ ಬರೆದುಕೊಳ್ಳಿ. ಪಂಚಮಿ ಹೆಣ್ಣುಮಕ್ಕಳ ತವರಿನ ಹಬ್ಬ, ಉಂಡಿ ಕಟ್ಟುವ, ಜೋಕಾಲಿ ಜೀಕುವ ಹಬ್ಬ. ಅದು ತಾಯಿಯ ಕಡೆಗೆ ಹೋದರೆ ದೀಪಾವಳಿ ತಂದೆಯ ಕಡೆಗಿರಲಿ. ತಂದೆಯ ಊರು ವಿಜಯಪುರವಾದರೆ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆ, ತಾಯಿಯ ಊರು ಬಾದಾಮಿ ಕಡೆಯದಾದರೆ ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆ. ಎರಡೂ ಬಹುತೇಕ ಜನವರಿಯಲ್ಲೇ ಬರುವುದರಿಂದ ಶಾಲೆ ತಪ್ಪದಂತೆ ಒಂದು ವರ್ಷ ಅಲ್ಲಿ, ಒಂದು ವರ್ಷ ಇಲ್ಲಿ ಎಂದು ಮಾಡಬಹುದು. ದಸರಾ ರಜೆ, ಬೇಸಿಗೆ ರಜೆಯನ್ನು ಅರ್ಧರ್ಧ ಹಂಚಬಹುದು. ಮಗುವಿನ ಹುಟ್ಟುಹಬ್ಬಕ್ಕೆ ಇಬ್ಬರೂ ಒಂದು ಗಂಟೆ ಒಟ್ಟಿಗೆ ಬರಲು ಸಾಧ್ಯವಾದರೆ ಅದಕ್ಕಿಂತ ದೊಡ್ಡ ಉಡುಗೊರೆ ಇಲ್ಲ. ಆಗದಿದ್ದರೆ ಬಲವಂತ ಬೇಡ.

ನಮ್ಮ ಭಾಗದಲ್ಲಿ ಎದುರಾಗುವ ಇನ್ನೊಂದು ಕಷ್ಟವನ್ನು ಹೊರಗಿನ ಸಲಹೆಗಾರರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಇಲ್ಲಿ ಅಕ್ಕನ ಮಗಳನ್ನು, ಸೋದರತ್ತೆಯ ಮಗಳನ್ನು ಮದುವೆಯಾಗುವುದು ಇಂದಿಗೂ ಇದೆ. ಅಂಥ ಮದುವೆ ಮುರಿದರೆ ಮಗುವಿಗೆ ತಾಯಿಯ ಕಡೆ, ತಂದೆಯ ಕಡೆ ಎಂಬ ಎರಡು ಬಳಗಗಳೇ ಇರುವುದಿಲ್ಲ. ಅಕ್ಕನ ಮಗಳನ್ನು ಮದುವೆಯಾಗಿದ್ದರೆ ತಾಯಿಯ ತಾಯಿ ತಂದೆಗೆ ಅಕ್ಕ. ಒಂದು ಮದುವೆ ಮುರಿದದ್ದಕ್ಕೆ ಅಕ್ಕ ತಮ್ಮಂದಿರು ಮಾತು ಬಿಡುತ್ತಾರೆ, ಅಜ್ಜಿ ಯಾರ ಮನೆಯ ಮದುವೆಗೂ ಹೋಗದೆ ಕುಳಿತುಬಿಡುತ್ತಾಳೆ. ಮಗುವಿಗೆ ಆಸರೆಯಾಗಬೇಕಿದ್ದ ಇಡೀ ಬಳಗ ಒಂದೇ ಏಟಿಗೆ ಒಡೆದುಹೋಗುತ್ತದೆ. ಇಲ್ಲಿ ಹಿರಿಯರ ಪಾತ್ರ ದೊಡ್ಡದು. ಕಾರ್ಯಕ್ರಮಗಳಿಗೆ ಇಬ್ಬರನ್ನೂ ಕರೆಯುತ್ತೇವೆ, ಬರುವುದು ಬಿಡುವುದು ಅವರಿಷ್ಟ, ಮಗುವನ್ನು ಮಾತ್ರ ಯಾರೂ ದೂರವಿಡುವುದಿಲ್ಲ ಎಂದು ಅವರು ಸಭೆಯಲ್ಲೇ ಬಾಯಿ ಬಿಟ್ಟು ಹೇಳಬೇಕು. ಬೇರೆ ಯಾರು ಹೇಳಿದರೂ ಈ ಮಾತು ನಿಲ್ಲುವುದಿಲ್ಲ.

ಹಣದ ಮಾತು

ಜೀವನಾಂಶದ ಜಗಳ ಬೆಳೆಯುವುದು ಮುಚ್ಚಿಡುವುದರಿಂದ. ಸುಪ್ರೀಂ ಕೋರ್ಟಿನ 2020ರ ರಜನೇಶ್ ವಿರುದ್ಧ ನೇಹಾ ತೀರ್ಪಿನ ನಂತರ ಜೀವನಾಂಶದ ಪ್ರಕರಣಗಳಲ್ಲಿ ಗಂಡ ಹೆಂಡತಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳ ವಿವರವನ್ನು ಪ್ರಮಾಣಪತ್ರದ ಮೂಲಕ ಕೊಡಲೇಬೇಕು. ರಾಜಿಯ ಮಾತುಕತೆಯಲ್ಲೂ ಇದೇ ಪದ್ಧತಿ ಇಟ್ಟುಕೊಂಡರೆ ಸಂಶಯಕ್ಕೆ ಎಡೆ ಕಡಿಮೆ.

ಸಂಬಳದವರಿಗೆ ತಿಂಗಳ ಲೆಕ್ಕ ಸುಲಭ. ಕಬ್ಬು ಬೆಳೆಯುವವನಿಗೆ, ತಿಕೋಟಾ ಕಡೆ ದ್ರಾಕ್ಷಿ ಹಾಕಿದವನಿಗೆ ಹಣ ಬರುವುದು ವರ್ಷಕ್ಕೊಮ್ಮೆ. ಕಬ್ಬು ಕೊಟ್ಟ 14 ದಿನದೊಳಗೆ ಬಿಲ್ ಪಾವತಿಯಾಗಬೇಕೆಂಬ ನಿಯಮವಿದ್ದರೂ ಅದು ತಿಂಗಳುಗಟ್ಟಲೆ ತಡವಾಗುವುದನ್ನು ಈ ಮೂರು ಜಿಲ್ಲೆಗಳ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ತಿಂಗಳಿಗೆ ಇಂತಿಷ್ಟು ಎಂದು ಬರೆದು, ಜುಲೈನಲ್ಲಿ ಕೊಡಲಾಗದೆ ಬಾಕಿ ಬೆಳೆದು, ವಾರಂಟ್ ಹೊರಡುವವರೆಗೆ ಹೋಗುವುದಕ್ಕಿಂತ ಮೊದಲೇ ಬೆಳೆಯ ಲೆಕ್ಕ ನೋಡಿ ಬರೆದುಕೊಳ್ಳುವುದು ಮೇಲು. ಹಂಗಾಮಿನ ಹಣ ಬಂದಾಗ ಒಂದು ಮೊತ್ತವನ್ನು ಮಗುವಿನ ಹೆಸರಿನಲ್ಲಿ ಬ್ಯಾಂಕಿನಲ್ಲಿಟ್ಟು ಅದರಿಂದ ತಿಂಗಳ ಖರ್ಚು ನಡೆಯುವಂತೆ ಮಾಡಬಹುದು. ಜೂನ್ ತಿಂಗಳ ಶಾಲಾ ಶುಲ್ಕ, ಪುಸ್ತಕ, ಸಮವಸ್ತ್ರವನ್ನು ತಂದೆ ನೇರವಾಗಿ ಶಾಲೆಗೇ ತುಂಬುವಂತೆ ಬರೆಯಬಹುದು. ಆಸ್ಪತ್ರೆಯ ದೊಡ್ಡ ಖರ್ಚು ಅರ್ಧರ್ಧ ಎನ್ನಬಹುದು. ವರ್ಷ ವರ್ಷ ಖರ್ಚು ಏರುತ್ತದೆಂಬುದನ್ನು ಮರೆಯದೆ ಮೊತ್ತವೂ ಏರುವಂತೆ ಇರಲಿ.

"ಇನ್ನು ಮುಂದೆ ಮಗುವಿಗೂ ತಂದೆಗೂ ಸಂಬಂಧವಿಲ್ಲ, ಆಸ್ತಿಯಲ್ಲಿ ಹಕ್ಕಿಲ್ಲ" ಎಂಬ ಸಾಲನ್ನು ಸೋಡಚೀಟಿಗಳಲ್ಲಿ ಎಷ್ಟು ಸಲೀಸಾಗಿ ಬರೆಯುತ್ತಾರೆಂದರೆ ಓದಿದರೆ ಹೊಟ್ಟೆ ಉರಿಯುತ್ತದೆ. ಆ ಸಾಲಿಗೆ ಬೆಲೆಯಿಲ್ಲ. ಮಗುವಿನ ಜೀವನಾಂಶದ ಹಕ್ಕನ್ನಾಗಲಿ, ಪಿತ್ರಾರ್ಜಿತ ಆಸ್ತಿಯಲ್ಲಿ ಅದರ ಪಾಲನ್ನಾಗಲಿ ತಂದೆತಾಯಿ ತಮ್ಮ ರಾಜಿಯಲ್ಲಿ ಬಿಟ್ಟುಕೊಡುವಂತಿಲ್ಲ. ಮಗಳಾದರೂ ಅಷ್ಟೇ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಮಗಳು ಹುಟ್ಟಿನಿಂದಲೇ ಪಾಲುದಾರಳು.

ಮದುವೆಯಲ್ಲಿ ಹೆಣ್ಣಿಗೆ ಕೊಟ್ಟ ಬಂಗಾರ, ಬಟ್ಟೆ, ಭಾಂಡೆ ಸ್ತ್ರೀಧನ. ಅದು ಪೂರ್ತಿ ಅವಳದೇ ಎಂದು ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ಪಟ್ಟಿ ಮಾಡಿ, ತೂಕ ಬರೆದು, ಒಂದೇ ದಿನ ಒಪ್ಪಿಸಿ ಸಹಿ ಪಡೆದರೆ ಮುಗಿಯಿತು. ಪರಸ್ಪರ ಹಾಕಿಕೊಂಡ ಕ್ರಿಮಿನಲ್ ಪ್ರಕರಣಗಳಿದ್ದರೆ ಅವನ್ನು ಹೇಗೆ, ಯಾವಾಗ ಮುಗಿಸಬೇಕೆಂಬುದೂ ಒಪ್ಪಂದದಲ್ಲಿರಬೇಕು. ಅವುಗಳಲ್ಲಿ ಕೆಲವನ್ನು ರದ್ದು ಮಾಡಿಸಲು ಹೈಕೋರ್ಟಿಗೇ ಹೋಗಬೇಕಾಗುತ್ತದೆ. ಬೆಳಗಾವಿ, ಬಾಗಲಕೋಟೆಯವರಿಗೆ ಧಾರವಾಡ ಪೀಠ, ವಿಜಯಪುರದವರಿಗೆ ಕಲಬುರಗಿ ಪೀಠ.

ದೊಡ್ಡವರ ಮನಸ್ಸು

ಬೇರೆಯಾದ ಹೆಣ್ಣು ತವರಿಗೆ ಬಂದರೆ "ಗಂಡ ಬಿಟ್ಟವಳು" ಎನ್ನುತ್ತಾರೆ. ಗಂಡಸಿಗೆ ಅಳುವ ಅವಕಾಶವನ್ನೂ ಕೊಡುವುದಿಲ್ಲ, ಅವನು ಕುಡಿತದ ಕಡೆ ವಾಲಿದರೆ "ಪಾಪ, ನೊಂದಿದ್ದಾನೆ" ಎನ್ನುತ್ತಾರೆ. ಇಬ್ಬರಿಗೂ ಸಿಗಬೇಕಾದದ್ದು ಕೇಳುವ ಕಿವಿ, ಸಿಗುವುದು ಸಲಹೆಗಳ ಸುರಿಮಳೆ. ಮದುವೆ ಮುರಿಯುವುದು ಒಂದು ಸಾವಿನಷ್ಟೇ ದುಃಖ ಕೊಡಬಲ್ಲದು. ಆದರೆ ಸಾವಿನ ಮನೆಗೆ ಬರುವ ಹಾಗೆ ಇಲ್ಲಿಗೆ ಯಾರೂ ಬುತ್ತಿ ಹೊತ್ತು ಬರುವುದಿಲ್ಲ.

ನಿದ್ದೆ ವಾರಗಟ್ಟಲೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕು ಬೇಡವೆನಿಸಿದರೆ, ಮಗುವಿನ ಮೇಲೆ ಕೈ ಏಳುತ್ತಿದ್ದರೆ ಅದು ಮನೋವೈದ್ಯರನ್ನು ಕಾಣಬೇಕಾದ ಹೊತ್ತು. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ಧಾರವಾಡದ ಡಿಮ್ಹಾನ್ಸ್ ಸಂಸ್ಥೆ ಈ ಭಾಗಕ್ಕೆಲ್ಲ ಹತ್ತಿರದ ದೊಡ್ಡ ಮಾನಸಿಕ ಆರೋಗ್ಯ ಕೇಂದ್ರ. ಟೆಲಿಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ತಾಯಿಯ ಅಥವಾ ತಂದೆಯ ಮನಸ್ಸು ಸುಧಾರಿಸಿದರೆ ಮಗುವಿನದು ಅರ್ಧ ತಾನಾಗಿಯೇ ಸುಧಾರಿಸುತ್ತದೆ.

ವಕೀಲರನ್ನು ಆರಿಸುವಾಗಲೂ ಈ ಮಾತು ನೆನಪಿರಲಿ. "ಅವನನ್ನು ಕೋರ್ಟಿಗೆ ಎಳೆದು ಎಳೆದು ಸುಸ್ತು ಮಾಡಿಸುತ್ತೇನೆ" ಎಂದು ಮೊದಲ ಭೇಟಿಯಲ್ಲೇ ಹೇಳುವವರಿಂದ ದೂರವಿರಿ. ಎಳೆದಾಟದ ಪ್ರತಿ ತಾರೀಖಿನಂದು ಮಗುವಿನ ಒಂದು ದಿನವೂ ಹೋಗುತ್ತದೆ.

ಡಿಕ್ರಿ ಬಂದ ಮೇಲೆ

ಪರಸ್ಪರ ಒಪ್ಪಿಗೆಯಿಂದ ಆದ ಡಿಕ್ರಿಗೆ ಸಾಮಾನ್ಯವಾಗಿ ಮೇಲ್ಮನವಿ ಇಲ್ಲ. ಅದರ ದೃಢೀಕೃತ ಪ್ರತಿಗಳನ್ನು ಇಬ್ಬರೂ ಪಡೆದುಕೊಂಡು ಜೋಪಾನ ಮಾಡಬೇಕು. ಪಡಿತರ ಚೀಟಿಯಲ್ಲಿ ಹೆಸರು ತೆಗೆಸಿ ಹೊಸದರಲ್ಲಿ ಸೇರಿಸುವುದು, ಬ್ಯಾಂಕ್ ಖಾತೆ ಮತ್ತು ವಿಮೆಯ ನಾಮನಿರ್ದೇಶನ ಬದಲಿಸುವುದು ಎಲ್ಲಕ್ಕೂ ಅದು ಬೇಕು. ಮಗು ಊರು ಬದಲಿಸಿದರೆ ಹಳೆಯ ಶಾಲೆಯಿಂದ ಟಿಸಿ ತಡವಾಯಿತೆಂಬ ಕಾರಣಕ್ಕೆ ಹೊಸ ಶಾಲೆ ಎಂಟನೆಯ ತರಗತಿಯವರೆಗೆ ಪ್ರವೇಶ ನಿರಾಕರಿಸುವಂತಿಲ್ಲ, ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಅದಿದೆ.

ಮಗುವಿನ ವಿಷಯದಲ್ಲಿ ಮಾತ್ರ ಡಿಕ್ರಿ ಕೊನೆಯ ಮಾತಲ್ಲ. ಮೂರು ವರ್ಷದ ಮಗುವಿಗೆ ಬರೆದ ಏರ್ಪಾಡು ಹತ್ತು ವರ್ಷದ ಮಗುವಿಗೆ ಹೊಂದುವುದಿಲ್ಲ. ತಾಯಿಗೆ ಬೇರೆ ಊರಿನಲ್ಲಿ ಕೆಲಸ ಸಿಗಬಹುದು, ತಂದೆ ಮತ್ತೆ ಮದುವೆಯಾಗಬಹುದು, ಮಗಳೇ ಈ ಶನಿವಾರ ಗೆಳತಿಯ ಮನೆಗೆ ಹೋಗಬೇಕೆನ್ನಬಹುದು. ಹಿಂದೂ ವಿವಾಹ ಕಾಯ್ದೆಯ 26ನೇ ಕಲಂ ಪ್ರಕಾರ ಪಾಲನೆ, ಭೇಟಿ, ಖರ್ಚಿನ ಆದೇಶಗಳನ್ನು ಡಿಕ್ರಿಯ ನಂತರವೂ ಅರ್ಜಿ ಕೊಟ್ಟು ಬದಲಿಸಿಕೊಳ್ಳಬಹುದು. ಅಲ್ಲಿಯವರೆಗೂ ಹೋಗದಿರಲು ಒಪ್ಪಂದದಲ್ಲೇ ಒಂದು ಸಾಲು ಸೇರಿಸಿ: ಪ್ರತಿ ವರ್ಷ ಬೇಸಿಗೆ ರಜೆಯಲ್ಲಿ, ಶಾಲೆ ಶುರುವಾಗುವ ಮೊದಲು, ಇಬ್ಬರೂ ಒಂದು ದಿನ ಕುಳಿತು ಮುಂದಿನ ವರ್ಷದ ಭೇಟಿ, ಹಬ್ಬ, ಖರ್ಚನ್ನು ಮತ್ತೆ ನೋಡಿಕೊಳ್ಳುವುದು. ಇಬ್ಬರೇ ಕೂರಲು ಆಗದಿದ್ದರೆ ಯಾರ ಸಮ್ಮುಖದಲ್ಲಿ ಕೂರಬೇಕೆಂದು ಅವರ ಹೆಸರನ್ನೂ ಅಲ್ಲೇ ಬರೆದಿಡಿ.